ಕಾಶ್ತಕಾರ ಗೈರಹಾಜರ

ಬೀದರದ ಚೌಬಾರಾದ ಹತ್ತಿರ ಗೋರಖನಾಥನ ಫೋಟೋ ಅಂಗಡಿ ಇದ್ದ ಕಾಲದಲ್ಲಿ ಊರಿನ ಅರ್ಧ ಜನ ಒಂದೇ ಅರಮನೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡಿದ್ದರು. ಅರಮನೆ ಇದ್ದದ್ದು ಅವನ ಅಂಗಡಿಯ ಪರದೆಯ ಮೇಲೆ. ಅದರಲ್ಲಿ ಒಂದು ಕಾರಂಜಿ, ಎರಡು ಹಂಸ, ಎಲ್ಲಿಗೂ ಹೋಗದ ಒಂದು ಮೆಟ್ಟಿಲುಸಾಲು. ಪರದೆಯನ್ನು ಸುತ್ತಿ ಸುತ್ತಿ ಒಂದು ಹಂಸದ ಕತ್ತು ಸೀಳಿಹೋಗಿತ್ತು. ಅದು ಕಾಣದಿರಲೆಂದು ಗೋರಖನಾಥ ಮನೆತನದಲ್ಲಿ ಎಲ್ಲರಿಗಿಂತ ದಪ್ಪಗಿದ್ದವರನ್ನು ಹುಡುಕಿ ಅಲ್ಲಿ ನಿಲ್ಲಿಸುತ್ತಿದ್ದ. ಅವರೂ ತಮಗೆ ಮರ್ಯಾದೆಯ ಜಾಗ ಸಿಕ್ಕಿತೆಂದು ಎದೆಯುಬ್ಬಿಸಿ ನಿಲ್ಲುತ್ತಿದ್ದರು. ನಮ್ಮ ಊರಿನಲ್ಲಿ ಮರ್ಯಾದೆ ಸಿಗುವುದು ಬಹಳ ಸಲ ಹೀಗೆಯೇ.

ಗೋರಖನಾಥ ಹುಟ್ಟಿದ್ದು ಭಾಲ್ಕಿಯಲ್ಲಿ. ತಂದೆ ಅಲ್ಲಿನ ಬಜಾರದಲ್ಲಿ ತೊಗರಿಯ ಚೀಲ ಹೊರುತ್ತಿದ್ದ ಹಮಾಲ. ಬಿಸಿಲಿನಲ್ಲಿ ಚೀಲ ಹೊತ್ತ ಅಪ್ಪನ ಬೆನ್ನನ್ನು ನೋಡಿಯೇ ಮಗ ನೆರಳಿನಲ್ಲಿ ಮಾಡುವ ಕೆಲಸವೊಂದನ್ನು ಕಲಿಯಬೇಕೆಂದು ಹಟ ಹಿಡಿದು ಹೈದರಾಬಾದಿಗೆ ಹೋದ. ಅಲ್ಲಿ ಒಬ್ಬ ಫೋಟೋಗ್ರಾಫರನ ಹತ್ತಿರ ಆರು ವರ್ಷ ಗಾಜಿನ ಪ್ಲೇಟು ತೊಳೆದ. ನೆರಳು ಬೇಡಿದವನಿಗೆ ದೇವರು ಕತ್ತಲ ಕೋಣೆಯನ್ನೇ ಕೊಟ್ಟ. ಮರಳಿ ಬಂದು ಬೀದರದಲ್ಲಿ ಅಂಗಡಿ ಇಟ್ಟು, ಮೈಲೂರಿನಲ್ಲಿ ಮನೆ ಮಾಡಿ, ಚಂದ್ರಭಾಗಾ ಎಂಬವಳನ್ನು ಮದುವೆಯಾದ. ತನ್ನ ಗಂಡ ಬಿಸಿಲಿಗೆ ಹೋದರೆ ಫೋಟೋದಂತೆ ಮಾಸಿಹೋಗುತ್ತಾನೆ ಎಂದು ಆಕೆ ಓಣಿಯ ಹೆಂಗಸರ ಮುಂದೆ ಹೇಳುತ್ತಿದ್ದಳು. ಅದರಲ್ಲಿ ಚಿಂತೆ ಎಷ್ಟು, ಚೇಷ್ಟೆ ಎಷ್ಟು ಎಂಬುದು ಅವನಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

ಇಂಥವನಿಗೆ ಫಸಲಿ ೧೩೫೨ರಲ್ಲಿ, ಅಂದರೆ ಇಂಗ್ಲಿಷ್ ಲೆಕ್ಕದಲ್ಲಿ ೧೯೪೩ರ ಜನವರಿಯಲ್ಲಿ, ನಿಜಾಮ ಸರ್ಕಾರದ ಒಂದು ಕಚೇರಿಯಿಂದ ಹುಕುಂ ಬಂತು. ತಾಲೂಕಿಗೆ ಒಬ್ಬನಂತೆ ಚೆನ್ನಾಗಿ ಬೆಳೆ ತೆಗೆಯುವ ರೈತರನ್ನು ಆರಿಸಿದ್ದಾರೆ. ಒಬ್ಬೊಬ್ಬನ ಹೊಲಕ್ಕೂ ಹೋಗಿ, ಬೆಳೆಯ ನಡುವೆ ಅವನನ್ನು ನಿಲ್ಲಿಸಿ ಫೋಟೋ ತೆಗೆಯಬೇಕು. ಎಲ್ಲವೂ ಸೇರಿ ಒಂದು ದೊಡ್ಡ ಆಲ್ಬಮ್ಮಾಗಿ ಹೈದರಾಬಾದಿಗೆ ಹೋಗುತ್ತದೆ. ಪರದೆ ಕೂಡದು, ಕುರ್ಚಿ ಕೂಡದು. ಹೊಲ ಇದ್ದಂತೆ ಹೊಲ, ರೈತ ಇದ್ದಂತೆ ರೈತ.

ಇದ್ದದ್ದನ್ನು ಇದ್ದಂತೆ ತೆಗೆಯುವುದು ಗೋರಖನಾಥನಿಗೆ ಹೊಸ ವಿದ್ಯೆ. ಮೊದಲು ಭಾಲ್ಕಿಗೆ ಹೋದ. ಅಲ್ಲಿಗೆ ರೈಲಿತ್ತು, ಜೊತೆಗೆ ಹುಟ್ಟೂರು. ಅಲ್ಲಿಯ ಬಕ್ಕಪ್ಪ ಎಂಬ ರೈತ ಮದುವೆಯ ಕೋಟು ತೊಟ್ಟು, ಕಿವಿಗೆ ಅತ್ತರಿನ ಅರಳೆ ಸಿಕ್ಕಿಸಿಕೊಂಡು ಕಬ್ಬಿನ ನಡುವೆ ನಿಂತುಬಿಟ್ಟಿದ್ದ. ಕೋಟು ತೆಗೆಯಿರಿ, ದಿನಾ ಕೆಲಸ ಮಾಡುವ ಅರಿವೆಯಲ್ಲಿ ನಿಲ್ಲಿರಿ ಎಂದು ಗೋರಖನಾಥ ಎಷ್ಟು ಬೇಡಿಕೊಂಡರೂ ಒಪ್ಪಲಿಲ್ಲ. ದಿನಾ ಕಾಣುವ ಬಕ್ಕಪ್ಪನನ್ನು ಊರವರು ದಿನಾ ನೋಡುತ್ತಾರೆ, ಅದಕ್ಕೆ ಫೋಟೋ ಯಾಕೆ ಬೇಕು ಎಂಬುದು ಅವನ ವಾದ. ಅತ್ತರು ಫೋಟೋದಲ್ಲಿ ಬರುವುದಿಲ್ಲ ಎಂದು ತಿಳಿದಾಗ ಮಾತ್ರ ಅವನ ಮುಖ ಸ್ವಲ್ಪ ಬಾಡಿತು.

ಬೀದರ ತಾಲೂಕಿನ ಪಾಲಿಗೆ ಬಂದದ್ದು ಮನ್ನಳ್ಳಿಯ ಮಡೆಪ್ಪನ ಜೋಳದ ಹೊಲ. ಅದು ಸೀತನಿಯ ಕಾಲ. ಮಡೆಪ್ಪ ಹಾಲುಗಾಳಿನ ಎಳೆ ತೆನೆಗಳನ್ನು ಕುಳ್ಳಿನ ಬೆಂಕಿಯಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಹಸಿರು ಕಾಳನ್ನು ಕಂಬಳಿಯ ಮೇಲೆ ಸುರಿದ. ಮೇಲೆ ಶೇಂಗಾ ಹಿಂಡಿ, ಬೆಲ್ಲ, ಕುರಿ ಹಾಲಿನ ಮೊಸರು. ಗೋರಖನಾಥ ಬೆಳಿಗ್ಗೆ ಮಡೆಪ್ಪನ ಫೋಟೋ ತೆಗೆದು, ಮಧ್ಯಾಹ್ನದವರೆಗೆ ಸೀತನಿ ತಿಂದು, ಬೇವಿನ ಗಿಡದ ಕೆಳಗೆ ಕ್ಯಾಮರಾದ ಕರಿ ಬಟ್ಟೆ ಹೊದ್ದು ಮಲಗಿದ. ಎದ್ದಾಗ ಹೊತ್ತು ಇಳಿದಿತ್ತು. ಪಟ್ಟಿಯಲ್ಲಿ ಉಳಿದದ್ದು ಒಂದೇ ಹೆಸರು: ಔರಾದ ತಾಲೂಕು, ಬದ್ರೋದ್ದೀನ, ಜೋಳ.

ಔರಾದಿಗೆ ರೈಲಿಲ್ಲ. ಇಡೀ ದಿನದ ಗಾಡಿ ದಾರಿ, ನಡುವೆ ಮಾಂಜ್ರಾ ನದಿ, ಮೇಲೆ ಬಿಸಿಲು. ಹೊಟ್ಟೆಯಲ್ಲಿ ಎರಡು ಸೇರು ಸೀತನಿ ಇದ್ದ ಮನುಷ್ಯನಿಗೆ ಔರಾದು ದಿಲ್ಲಿಗಿಂತ ದೂರ ಕಾಣುತ್ತದೆ. ಅವನು ಎದ್ದು ಕುಳಿತು ಹೊಲ ನೋಡಿದ. ಇದೂ ಜೋಳ, ಅದೂ ಜೋಳ. ಆದರೆ ಬೀದರದ ಮಣ್ಣು ಕೆಂಪು, ಔರಾದಿನದು ಕಪ್ಪು. ಅಷ್ಟರಲ್ಲಿ ಅವನಿಗೆ ತನ್ನ ಕಸುಬಿನ ಒಂದು ಗುಟ್ಟು ನೆನಪಾಯಿತು. ಆ ಕಾಲದ ಗಾಜಿನ ಪ್ಲೇಟಿಗೆ ಕೆಂಪು ಕಾಣುತ್ತಲೇ ಇರಲಿಲ್ಲ. ಕುಂಕುಮ ಹಚ್ಚಿದ ಮುತ್ತೈದೆಯ ಹಣೆಯ ಮೇಲೆ ಮಸಿಯ ಬೊಟ್ಟು ಇಟ್ಟಂತೆ ಬರುತ್ತಿತ್ತು. ಕೆಂಪು ಮಣ್ಣಿನ ಫೋಟೋ ತೆಗೆದರೆ ಬರುವುದು ಕರಿ ಮಣ್ಣೇ. ದೇವರೇ ದಾರಿ ತೋರಿಸಿದ ಎಂದುಕೊಂಡ. ಸೋಮಾರಿಗಳಿಗೆ ದೇವರು ತೋರಿಸುವಷ್ಟು ದಾರಿಗಳನ್ನು ಬೇರೆ ಯಾರಿಗೂ ತೋರಿಸುವುದಿಲ್ಲ.

ಸ್ಟ್ಯಾಂಡನ್ನು ಎತ್ತಿ ಹೊಲದ ಇನ್ನೊಂದು ಮೂಲೆಗೆ ಇಟ್ಟ. ಮೂಡಲಿಗೆ ಮುಖ ಮಾಡಿ, ಬೇವಿನ ಗಿಡ ಬರದಂತೆ ನೋಡಿಕೊಂಡು ಬರೀ ಜೋಳದ ಫೋಟೋ ತೆಗೆದ. ಮಡೆಪ್ಪನನ್ನೇ ಬದ್ರೋದ್ದೀನ ಎಂದು ನಿಲ್ಲಿಸಲು ಮಾತ್ರ ಮನಸ್ಸು ಒಪ್ಪಲಿಲ್ಲ. ಅಷ್ಟು ಪ್ರಾಮಾಣಿಕತೆ ಅವನಲ್ಲಿ ಉಳಿದಿತ್ತು. ಆದ್ದರಿಂದ ಫೋಟೋದ ಕೆಳಗೆ ಉರ್ದುವಿನಲ್ಲಿ, ಚೆಂದದ ಅಕ್ಷರದಲ್ಲಿ, ಔರಾದ ತಾಲೂಕು, ಬದ್ರೋದ್ದೀನರ ಹೊಲ ಎಂದು ಬರೆದು, ಮುಂದೆ ಎರಡು ಶಬ್ದ ಸೇರಿಸಿದ: ಕಾಶ್ತಕಾರ ಗೈರಹಾಜರ. ಹೊಲದ ರೈತ ಹಾಜರಿರಲಿಲ್ಲ ಎಂದು ಅರ್ಥ. ಆಲ್ಬಮ್ಮು ಹೈದರಾಬಾದಿಗೆ ಹೋಯಿತು. ಅಲ್ಲಿ ಯಾರೋ ಶಾಬಾಸ್ ಎಂದರಂತೆ. ಗೋರಖನಾಥ ಮತ್ತೆ ತನ್ನ ಪರದೆಯ ನೆರಳಿಗೆ ಬಂದು ಸೇರಿದ.

ಐದು ವರ್ಷದ ಮೇಲೆ ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿಸಿದ ಪೋಲೀಸ್ ಆ್ಯಕ್ಷನ್ ಆಯಿತು. ಅದಕ್ಕೂ ಮೊದಲು ನಿಜಾಮನ ಪರದ ರಜಾಕಾರರ ಗಲಾಟೆಯಲ್ಲಿ ಗೋರಖನಾಥ ಅಂಗಡಿಗೆ ಬೀಗ ಹಾಕಿ, ಚಂದ್ರಭಾಗಾಳನ್ನು ಕರೆದುಕೊಂಡು ಸೊಲ್ಲಾಪುರದ ಕಡೆಯ ನೆಂಟರ ಮನೆಯಲ್ಲಿ ಎಂಟು ತಿಂಗಳು ಕಳೆದಿದ್ದ. ಅವನು ಮರಳಿ ಬರುವಷ್ಟರಲ್ಲಿ ಹಳ್ಳಿಗಳ ಮುಸಲ್ಮಾನರು ಮನೆ ಬಿಟ್ಟು ಓಡಿ ಬಂದು ಬೀದರದಲ್ಲಿ ಸೇರಿಕೊಂಡಿದ್ದರು. ಆ ವರ್ಷ ನಮ್ಮ ಜಿಲ್ಲೆಯಲ್ಲಿ ಓಡದವರು ಕಡಿಮೆ. ಸರದಿ ಮಾತ್ರ ಬೇರೆ ಬೇರೆ.

ನವೆಂಬರಿನ ಒಂದು ಶುಕ್ರವಾರ ಮಧ್ಯಾಹ್ನ, ನಮಾಜು ಮುಗಿದ ಹೊತ್ತಿಗೆ, ಅರವತ್ತರ ಹತ್ತಿರದ ಎತ್ತರದ ಮುದುಕನೊಬ್ಬ ಅಂಗಡಿಯ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ನಿಂತ. ಒಳಗೆ ಬನ್ನಿ ಎಂದರೂ ಬರಲಿಲ್ಲ. ತಾನು ಔರಾದಿನ ಬದ್ರೋದ್ದೀನ ಎಂದ.

ಗೋರಖನಾಥನ ಕೈಯಲ್ಲಿದ್ದ ಅಂಟಿನ ಕುಂಚ ಕೈಯಲ್ಲೇ ಉಳಿಯಿತು. ಬೈಯಲು ಬಂದಿದ್ದಾನೆ ಎಂದುಕೊಂಡ. ಮುದುಕ ಬಂದದ್ದು ಮಾಫಿ ಕೇಳಲು.

“ತಪ್ಪು ನಂದೇ ಅದರಿ ಮಾಸ್ತರ,” ಎಂದ ಬದ್ರೋದ್ದೀನ. “ಫೋಟೋದವರು ಬರ್ತಾರಂತ ಚಪರಾಸಿ ಹೇಳಿದ್ದ. ಎತ್ತಿನ ಕ್ವಾಡಿಗೆ ಬಣ್ಣ ಹಚ್ಚಿ, ಕೋಟು ಹಾಕ್ಕೊಂಡು ಎಂಟು ದಿವಸ ಬದುವಿನ ಮ್ಯಾಲೆ ಕುಂತೆ. ಒಂಬತ್ತನೇ ದಿವಸ ಗಾಡಿ ಅಚ್ಚು ಮುರೀತಂತ ಬಡಗ್ಯಾನ ಮನಿಗೆ ಹೋದೆ. ನೀವು ಅದೇ ದಿವಸ ಬಂದ್ರಿ. ಅಷ್ಟು ದೂರದಿಂದ ಬಂದವರಿಗಿ ಒಂದು ತಂಬಿಗಿ ನೀರು ಸೈತ ಕೊಡಲಿಲ್ಲ.”

ಮುಂದಿನದನ್ನು ಅವನು ನಗುತ್ತಲೇ ಹೇಳಿದ. ಆಲ್ಬಮ್ಮಿನಲ್ಲಿ ಬರೆದದ್ದರ ಒಂದು ನಕಲು ಔರಾದಿನ ಕಚೇರಿಗೂ ಬಂದಿತ್ತು. ಫೋಟೋ ಇಲ್ಲ, ಬರೀ ಬರಹ. ಚಪರಾಸಿ ಅದನ್ನು ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಓದಿದ. ಸರ್ಕಾರವೇ ಹೊಲಕ್ಕೆ ಬಂದಾಗ ಹೊಲದಲ್ಲಿಲ್ಲದ ರೈತ ಎಂದು ಊರು ನಕ್ಕಿತು. ಅಂದಿನಿಂದ ಅವನ ಹೆಸರೇ ಗೈರಹಾಜರ. ಹುಡುಗರು ಗೈರಹಾಜರ ಚಾಚಾ ಎನ್ನುತ್ತಿದ್ದರು. ಬದ್ರೋದ್ದೀನ ಅಂದರೆ ಯಾರೆಂದು ಊರಿಗೆ ಹೊಸದಾಗಿ ಬಂದ ಸೊಸೆಯರಿಗೆ ಗೊತ್ತೇ ಇರಲಿಲ್ಲ.

ಈಗ ಅವನಿಗೆ ಬೇಕಾದದ್ದು ಒಂದೇ. ಎರಡು ತಿಂಗಳಾಯಿತು ಔರಾದು ಬಿಟ್ಟು. ಹೆಂಡತಿ ವಜೀರಬೀ ಮತ್ತು ಅವನು ಮಹಮೂದಾ ಬೇಗಂ ಎಂಬವರ ಮನೆಯ ಹಿಂದಿನ ಕೋಣೆಯಲ್ಲಿದ್ದಾರೆ. ಯಾಕೆ ಬಿಟ್ಟರು, ಹೇಗೆ ಬಂದರು ಎಂದು ಅವನು ಹೇಳಲಿಲ್ಲ. ಗೋರಖನಾಥನೂ ಕೇಳಲಿಲ್ಲ. ಹೋಗಲು ಧೈರ್ಯ ಸಾಲದು. ಧೈರ್ಯ ಮಾಡಿ ಹೋದರೂ ಈ ವರ್ಷ ಬಿತ್ತದೆ ಪಡ ಬಿದ್ದ ಹೊಲವನ್ನು ಕಣ್ಣಿಂದ ನೋಡಬೇಕಲ್ಲ. ಅದಕ್ಕೆ, ಬೆಳೆ ನಿಂತ ವರ್ಷದ ಆ ಫೋಟೋವನ್ನು ಒಂದು ಸಲ ತೋರಿಸಿದರೆ ಸಾಕು.

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಆದರೆ ಗೋರಖನಾಥ ಎದ್ದು, ಕಪಾಟು ತೆರೆದು, ಮನ್ನಳ್ಳಿಯ ಹೊಲವನ್ನು ಔರಾದಿನ ಮುದುಕನ ಮುಂದೆ ಇಟ್ಟ. ಹೆದರಿದವನ ಕೈ ಬಾಯಿಗಿಂತ ಚುರುಕು.

ಬದ್ರೋದ್ದೀನ ಬಹಳ ಹೊತ್ತು ನೋಡಿದ. ಕಾಗದವನ್ನು ಮುಟ್ಟಲಿಲ್ಲ; ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಬಾಗಿದ್ದ.

“ಜೋಳ ಚಲೋ ಬಂದವ್ರಿ,” ಎಂದ ಕೊನೆಗೆ.

ಗೋರಖನಾಥ ಫೋಟೋವನ್ನು ಅವನ ಕಡೆ ಸರಿಸಿದ. ಒಯ್ಯಿರಿ, ಇಟ್ಟುಕೊಳ್ಳಿರಿ ಎಂದ. ಬದ್ರೋದ್ದೀನ ಒಪ್ಪಲಿಲ್ಲ, ಕೋಣೆ ಸೋರುತ್ತದೆ, ಫೋಟೋ ಹಾಳಾದೀತು, ಮಾಸ್ತರರು ಬೇಸರ ಮಾಡಿಕೊಳ್ಳದಿದ್ದರೆ ಇಲ್ಲೇ ಬಂದು ನೋಡುತ್ತೇನೆ ಎಂದ.

ಅಂದಿನಿಂದ ಪ್ರತಿ ಶುಕ್ರವಾರ ಬಂದ. ಎರಡನೆಯ ವಾರ ಹೊಸ್ತಿಲು ದಾಟಿದ, ಮೂರನೆಯ ವಾರ ಸ್ಟೂಲಿನ ಮೇಲೆ ಕುಳಿತ. ಗೋರಖನಾಥ ಫೋಟೋ ತೆಗೆದು ಮೇಜಿನ ನಡುವೆ ಇಡುತ್ತಿದ್ದ. ಮುದುಕ ಅದನ್ನು ಸ್ವಲ್ಪ ನೋಡಿ, ಆಮೇಲೆ ಫೋಟೋದ ಹೊರಗಿನದನ್ನು ಹೇಳಲು ತೊಡಗುತ್ತಿದ್ದ. ಇದರಲ್ಲಿ ಬಂದಿಲ್ಲ, ಆದರೆ ಈ ಕಡೆಗೆ ಬಾವಿ ಇದೆ ಎಂದು ಅಂಟಿನ ಡಬ್ಬಿಯನ್ನು ಫೋಟೋದ ಎಡಕ್ಕೆ ಒಂದು ಗೇಣು ಸರಿಸುತ್ತಿದ್ದ. ಬಾವಿಯ ಏಳನೆಯ ಮೆಟ್ಟಿಲು ಒಡೆದಿದೆ, ಹೆಜ್ಜೆ ನೋಡಿ ಇಡಬೇಕು. ಕತ್ತರಿ ಇಟ್ಟ ಕಡೆ ಗಾಡಿದಾರಿ. ಮಸಿ ದೌತಿ ಇರುವಲ್ಲಿ ಅವನ ಅಪ್ಪ ಹಚ್ಚಿದ ಹುಣಸೆ ಗಿಡ. ಅದರಾಚೆ, ಪ್ಲೇಟಿನ ಡಬ್ಬದ ಮೇಲೆ, ನೆರೆಹೊಲದ ಧೊಂಡಿಬಾ.

ಧೊಂಡಿಬಾನ ಹೆಸರು ಬಂದರೆ ಮುದುಕನ ದನಿ ಏರುತ್ತಿತ್ತು. ಹುಣಸೆಯ ಟೊಂಗೆ ತನ್ನ ಹೊಲಕ್ಕೆ ನೆರಳು ಮಾಡುತ್ತದೆ, ಕಡಿ ಎಂದು ಧೊಂಡಿಬಾ ಇಪ್ಪತ್ತು ವರ್ಷದಿಂದ ಹೇಳುತ್ತಾನೆ. ಕಡಿಯುವುದಿಲ್ಲ ಎಂದು ಇವನು ಇಪ್ಪತ್ತು ವರ್ಷದಿಂದ ಹೇಳುತ್ತಾನೆ. ಬೆಳಿಗ್ಗೆ ಅದೇ ಜಗಳ, ಮಧ್ಯಾಹ್ನ ಅದೇ ಟೊಂಗೆಯ ನೆರಳಲ್ಲಿ ಇಬ್ಬರ ಬುತ್ತಿ. ಧೊಂಡಿಬಾನಿಗೆ ಕೂರಿಗೆ ಹಿಡಿದು ನೆಟ್ಟಗೆ ಸಾಲು ಬಿತ್ತಲು ಬರುವುದಿಲ್ಲ ಎಂಬುದನ್ನು ಬದ್ರೋದ್ದೀನ ಪ್ರತಿ ವಾರ ಹೊಸ ಸುದ್ದಿಯಂತೆ ಹೇಳುತ್ತಿದ್ದ.

ಗೋರಖನಾಥ ಮೊದಮೊದಲು ಕಳ್ಳನಂತೆ ತಲೆ ಬಗ್ಗಿಸಿ ಕೇಳುತ್ತಿದ್ದ. ಬರಬರುತ್ತ ಗುರುವಾರವೇ ಮೇಜು ಒರೆಸಿ ಅಂಟಿನ ಡಬ್ಬಿಯನ್ನು ಬಾವಿಯ ಜಾಗದಲ್ಲಿ ಇಡತೊಡಗಿದ. ಎಂದೂ ಕಾಣದ ಒಂದು ಹುಣಸೆಯ ನೆರಳಿಗಾಗಿ ಮೈಲೂರಿನ ಮನೆಯಲ್ಲಿ ಉಣ್ಣುತ್ತ ಕುಳಿತಾಗ ಅವನಿಗೆ ಒಮ್ಮೊಮ್ಮೆ ಹಂಬಲವಾಗುತ್ತಿತ್ತು. ಅಲ್ಲಿ ಹೋಗದೆ ಉಳಿದವನೇ ತಾನು ಎಂಬುದು ಆಗ ನೆನಪಾಗಿ ಅರ್ಧ ರೊಟ್ಟಿ ತಾಟಿನಲ್ಲೇ ಉಳಿಯುತ್ತಿತ್ತು. ನಿಜ ಹೇಳಿದರೆ ಮುದುಕನ ಕೈಯಿಂದ ಹೊಲ ಇನ್ನೊಮ್ಮೆ ಹೋಗುತ್ತದೆ, ತನ್ನ ಕೈಯಿಂದ ಮುದುಕ ಹೋಗುತ್ತಾನೆ. ಹೇಳದಿದ್ದರೆ ದಿನಾ ಹೀಗೆಯೇ ರೊಟ್ಟಿ ಉಳಿಯುತ್ತದೆ.

ಜನವರಿಯ ಮೊದಲ ಶುಕ್ರವಾರ ಬದ್ರೋದ್ದೀನನ ಬದಲು ವಜೀರಬೀ ಬಂದಳು. ಸಣ್ಣ ಹೆಂಗಸು, ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಮಾತಾಡುವ ರೂಢಿ. ಅವರಿಗೆ ಜ್ವರ, ಬರಲಾಗುವುದಿಲ್ಲ, ಹೋಗಿ ಹೊಲ ನೋಡಿ ಬಾ ಎಂದು ಕಳಿಸಿದ್ದಾರೆ ಎಂದಳು. ಗೋರಖನಾಥ ಫೋಟೋ ಇಟ್ಟ. ಆಕೆ ಬಾಗಿ ನೋಡಿದಳು. ಗಂಡನಂತೆ ಬಹಳ ಹೊತ್ತು ತೆಗೆದುಕೊಳ್ಳಲಿಲ್ಲ.

“ಇದು ನಮ್ಮದಲ್ರಿ,” ಎಂದಳು.

ಆಕೆ ಫೋಟೋದ ಅಂಚಿಗೆ ಬೆರಳು ತೋರಿಸಿದಳು. ಬದುವಿನ ಉದ್ದಕ್ಕೂ ಗುಂಡುಕಲ್ಲು ಪೇರಿಸಿದ್ದರು.

“ನಮ್ಮ ಕರಿ ಎರಿ ಹೊಲದಾಗ ಬ್ಯಾನಿಗಿ ಔಷಧ ಅಂತ ಹುಡುಕಿದ್ರೂ ಒಂದು ಹರಳು ಸಿಗೂದಿಲ್ರಿ ಮಾಸ್ತರ. ಇಷ್ಟು ಕಲ್ಲು ಎಲ್ಲಿಂದ ಬಂದಾವು?”

ಕೆಂಪನ್ನು ಕಪ್ಪು ಮಾಡುವ ಪ್ಲೇಟು ಅವನ ಕೈಲಿತ್ತು. ಕಲ್ಲನ್ನು ಕರಗಿಸುವ ಪ್ಲೇಟು ಇನ್ನೂ ಯಾವ ಕಂಪನಿಯಿಂದಲೂ ಬಂದಿರಲಿಲ್ಲ.

“ಚಾಚಾಗ ಗೊತ್ತದ ಏನ್ರಿ ಚಾಚಿ?” ಎಂದು ಕೇಳಿದ.

“ಮೊದಲನೇ ದಿವಸೇ ಮನಿಗಿ ಬಂದು ಹೇಳ್ಯಾರ. ಮಾಸ್ತರ ಔರಾದಕ್ಕ ಬಂದೇ ಇಲ್ಲ, ಆದ್ರ ಅವರ ಮುಂದ ಹ್ಯಾಂಗ ಅನ್ನಬೇಕು, ಪಾಪ, ಅವರ ಮಾರಿ ಸಣ್ಣ ಆಗಿತ್ತು ಅಂದ್ರು.” ಆಕೆ ಸೆರಗನ್ನು ಮತ್ತೆ ಕಚ್ಚಿದಳು. “ಯಾರದಾರ ಆಗವಲ್ದ್ಯಾಕ, ಒಂದು ಹೊಲ ಅದಲ್ಲ. ಶುಕ್ರವಾರ ಬರತನಕ ಅವರು ದಿನಾ ಎಣಸ್ತಾರ.”

ಆಕೆ ಹೋದ ಮೇಲೆ ಗೋರಖನಾಥ ಮತ್ತೆ ಮೇಜಿನ ಮುಂದೆ ಬಂದು ಫೋಟೋ ನೋಡಿದ. ಮುದುಕ ಯಾಕೆ ಯಾವಾಗಲೂ ಫೋಟೋದ ಹೊರಗಿನದನ್ನೇ ಹೇಳುತ್ತಿದ್ದ ಎಂಬುದು ಈಗ ತಿಳಿಯಿತು. ಒಳಗಿದ್ದದ್ದು ಅವನದಾಗಿರಲಿಲ್ಲ. ತನ್ನ ಹೊಲವನ್ನು ಅವನು ಅಂಟಿನ ಡಬ್ಬಿಗೂ ಕತ್ತರಿಗೂ ನಡುವೆ, ತಾನೇ, ಇಂಚಿಂಚಾಗಿ ಹಾಸಿಕೊಂಡಿದ್ದ.

ಮರುದಿನ ಬೆಳಿಗ್ಗೆ ಗೋರಖನಾಥ ಬಾಡಿಗೆ ಗಾಡಿ ಹೇಳಿ, ಕ್ಯಾಮರಾ, ಸ್ಟ್ಯಾಂಡು, ಎರಡು ಪ್ಲೇಟು ಕಟ್ಟಿಕೊಂಡ. ಎಲ್ಲಿಗೆ ಎಂದು ಕೇಳಿದ ಚಂದ್ರಭಾಗಾ, ಔರಾದಿಗೆ ಎಂದದ್ದನ್ನು ಕೇಳಿ ಬುತ್ತಿ ಕಟ್ಟುವ ಕೈ ನಿಲ್ಲಿಸಿದಳು. ಅವಳಿಗೆ ಎಲ್ಲ ಗೊತ್ತಿತ್ತು. ಔರಾದಿಗೂ ಹೋಗಿಬರುತ್ತೇನೆಂದು ಹೊರಟವನು ಸೀತನಿಯ ದಿನ ರಾತ್ರಿಯೇ ಮನೆಗೆ ಬಂದಾಗ ಅವಳು ಲೆಕ್ಕ ಹಾಕಿದ್ದಳು.

“ಆರು ವರ್ಷದ ಹಿಂದಿನ ಗಾಡಿ ಇವತ್ತು ಹೊಂಟದಲ್ಲ,” ಎಂದಳು. “ದಾರ್ಯಾಗ ಸೀತನಿ ಕಂಡ್ರ ಕಣ್ಣು ಮುಚ್ಕೋರಿ.”

ಮಾಂಜ್ರಾದಲ್ಲಿ ನೀರು ಮೊಳಕಾಲಿನಷ್ಟಿತ್ತು. ಬಿಸಿಲು ಅವನೆಣಿಸಿದ್ದಕ್ಕಿಂತ ಕೆಟ್ಟದಾಗೇನೂ ಇರಲಿಲ್ಲ. ಆರು ವರ್ಷ ಹೆದರಿದ್ದು ವ್ಯರ್ಥ ಎನಿಸಿ ಇನ್ನಷ್ಟು ನಾಚಿಕೆಯಾಯಿತು. ಸಂಜೆ ಔರಾದು ಮುಟ್ಟಿ, ಒಂದು ಮಠದ ಜಗುಲಿಯಲ್ಲಿ ಮಲಗಿ, ಬೆಳಿಗ್ಗೆ ಗಾಡಿಯವನನ್ನು ಕರೆದುಕೊಂಡು ಊರ ಹೊರಗೆ ನಡೆದ. ಯಾರನ್ನೂ ದಾರಿ ಕೇಳಲಿಲ್ಲ. ಕತ್ತರಿಯ ಜಾಗದಲ್ಲಿ ಗಾಡಿದಾರಿ ಇತ್ತು. ದೌತಿಯ ಜಾಗದಲ್ಲಿ ಹುಣಸೆ ಇತ್ತು. ಬಾವಿಗೆ ಇಳಿದು ಎಣಿಸಿದ: ಏಳನೆಯ ಮೆಟ್ಟಿಲು ಒಡೆದಿತ್ತು.

ಹೊಲ ಪಡ ಬಿದ್ದಿರಲಿಲ್ಲ. ಎದೆಮಟ್ಟ ಜೋಳ ನಿಂತಿತ್ತು.

ಸ್ಟ್ಯಾಂಡು ಹೂಡುವಷ್ಟರಲ್ಲಿ ಒಬ್ಬ ಕುಳ್ಳ ರೈತ ಕುಡುಗೋಲು ಹಿಡಿದು ಬದು ದಾಟಿ ಬಂದ. ಮೂರು ಕಾಲಿನ ಯಂತ್ರ ನೋಡಿ, ಹೊಸ ಸರ್ಕಾರದವರು ಹೊಲದ ಹಕ್ಕು ಬರೆಯಲು ಬಂದಿದ್ದಾರೆ ಎಂದು ಅವನಿಗೆ ಗಾಬರಿ. ಇದು ತನ್ನ ಹೊಲವಲ್ಲ, ತಾನು ಧೊಂಡಿಬಾ, ತನ್ನ ಹೊಲ ಆಚೆಯದು. ಬಿಟ್ಟರೆ ಕರಿಕೆ ಹುಲ್ಲು ಹಬ್ಬುತ್ತದೆಂದು ಬಿತ್ತಿದ್ದೇನೆ, ಅಷ್ಟೇ. ಎತ್ತು ಬದ್ರೋದ್ದೀನನವೇ, ಬೀಜ ಅವನ ಮನೆಯ ಗಡಿಗೆಯದೇ. ಬೇಕಾದರೆ ಊರವರನ್ನು ಕೇಳಿರಿ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಗೋರಖನಾಥ ತಾನು ಯಾರೆಂದು ತಿಳಿಸಿದ. ಬದ್ರೋದ್ದೀನ ಬೀದರದಲ್ಲಿದ್ದಾನೆ, ಬದುಕಿದ್ದಾನೆ ಎಂದ.

ಧೊಂಡಿಬಾ ಕುಡುಗೋಲನ್ನು ನೆಲಕ್ಕೆ ಚುಚ್ಚಿ ಬದುವಿನ ಮೇಲೆ ಕುಳಿತುಬಿಟ್ಟ. ಅಲ್ಲಿಂದಲೇ ಕೇಳಿದ.

“ನನಗ ಬೈತಾನೇನ್ರಿ?”

“ವಾರ ವಾರ.”

“ಹಂಗಾದ್ರ ಚಲೋ ಇದ್ದಾನ.” ಧೊಂಡಿಬಾ ರುಮಾಲಿನಿಂದ ಮುಖ ಒರೆಸಿಕೊಂಡ. “ನಾಕು ತಿಂಗಳಾತ್ರಿ, ಈ ಹೊಲದಾಗ ನನಗ ಬಯ್ಯಾವ್ರೇ ಇಲ್ಲ. ಹೆಂಡ್ತಿ ಬೈತಾಳ, ಖರೇ. ಅದು ಬ್ಯಾರೆ.”

ಗಾಳಿ ಬೀಸುತ್ತಿತ್ತು. ಗಾಳಿಗೆ ಅಲುಗಿದ ಜೋಳ ಪ್ಲೇಟಿನಲ್ಲಿ ಮಂಜಿನಂತೆ ಬರುತ್ತದೆ. ಗೋರಖನಾಥ ಕರಿ ಬಟ್ಟೆಯೊಳಗೆ ತಲೆ ಹಾಕಿ, ತೆಗೆದು, ಮತ್ತೆ ಹಾಕಿ, ನೆತ್ತಿಯ ಮೇಲೆ ಬಿಸಿಲು ಬರುವವರೆಗೆ ಕಾಯ್ದ. ಜನ್ಮದಲ್ಲಿ ಅಷ್ಟು ಹೊತ್ತು ಅವನು ಬಿಸಿಲಿನಲ್ಲಿ ನಿಂತದ್ದೇ ಇಲ್ಲ. ನಡುವೆ ಧೊಂಡಿಬಾನಿಗೆ ಬೆಳೆಯ ನಡುವೆ ಬಂದು ನಿಲ್ಲು ಎಂದ. ಅವನು ಒಪ್ಪಲಿಲ್ಲ. ಬದ್ರೋದ್ದೀನನ ಹೊಲದಲ್ಲಿ ತಾನು ನಿಂತರೆ ಅವನಿಗೆ ಸಿಟ್ಟು ಬರುತ್ತದೆ, ನಿಲ್ಲಬೇಕಾದವನು ಬೇರೆ ಎಂದ. ಒಂದು ಗಳಿಗೆ ಗಾಳಿ ನಿಂತಿತು. ಹೊಲವೆಲ್ಲ ಉಸಿರು ಬಿಗಿಹಿಡಿದಂತೆ ನಿಂತಿತು. ಗೋರಖನಾಥ ಮುಚ್ಚಳ ತೆಗೆದು, ಎಣಿಸಿ, ಮುಚ್ಚಿದ. ಈ ಸಲವೂ ಕಾಶ್ತಕಾರ ಗೈರಹಾಜರನೇ. ಆದರೆ ಹೊಲ ಹಾಜರಿತ್ತು.

ಹೊರಡುವಾಗ ಧೊಂಡಿಬಾ ಗಾಡಿಯ ಜೊತೆಗೇ ಸ್ವಲ್ಪ ದೂರ ನಡೆದು ಬಂದ. ಏನಾದರೂ ಹೇಳಬೇಕೇ ಎಂದು ಗೋರಖನಾಥ ಕೇಳಿದ.

“ಹುಣಸಿ ಟೊಂಗಿ ನನ್ನ ಹೊಲದ ಮ್ಯಾಲೆ ಇನ್ನೂ ಮುಂದ ಬಂದದ ಅಂತ ಹೇಳ್ರಿ. ಬಂದು ಕಡಿ ಅನ್ರಿ. ಯುಗಾದಿ ತನಕ ನೋಡ್ತೇನಿ. ಬರಲಿಲ್ಲಂದ್ರ ನಾನೇ ಕಡಿತೇನಿ.”

ಶುಕ್ರವಾರ ಬದ್ರೋದ್ದೀನ ಬಂದ. ಜ್ವರ ಬಿಟ್ಟಿತ್ತು, ಮುಖ ಇಳಿದಿತ್ತು. ರೂಢಿಯಂತೆ ಸ್ಟೂಲಿನ ಮೇಲೆ ಕುಳಿತು ಕೈ ಹಿಂದೆ ಕಟ್ಟಿದ. ಗೋರಖನಾಥ ಹಳೆಯ ಫೋಟೋ ಇಡುವ ಜಾಗದಲ್ಲಿ ಹೊಸದನ್ನು ಇಟ್ಟು, ಹಿಂದೆ ಸರಿದು, ಗೋಡೆ ನೋಡುತ್ತ ನಿಂತ. ಮುದುಕ ಅಳುತ್ತಾನೆ, ಅಳುವವನಿಗೆ ಏನು ಹೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಕೂಡಿಸಿಕೊಂಡು ಬಂದಿದ್ದ.

ಮುದುಕನ ಕೈ ಮೊದಲ ಸಲ ಬೆನ್ನ ಹಿಂದಿನಿಂದ ಮುಂದೆ ಬಂತು. ಫೋಟೋವನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದ. ಬೆಳಕಿಗೆ ತಿರುಗಿಸಿದ.

“ಇದು ಯಾರು ಬಿತ್ಯಾರ?” ಎಂದ. “ಸಾಲು ನೋಡ್ರಿ ಮಾಸ್ತರ, ಹಾವು ಹೋದಂಗ ಹೋಗ್ಯಾವ. ಕುಸುಬಿ ಅಕ್ಕಡಿ ಎಲ್ಲದ? ಆರು ಸಾಲಿಗಿ ಒಂದು ಕುಸುಬಿ ಸಾಲು ಹಾಕಬೇಕಂತ ಸಣ್ಣ ಹುಡುಗರಿಗಿ ಸೈತ ಗೊತ್ತದ. ಧೊಂಡಿಬಾ ಇದು. ಅವಂದೇ ಕೈ. ನನ್ನ ಹೊಲ ಹೊಲಸ ಮಾಡಿಟ್ಟಾನ.”

ಅರ್ಧ ಗಂಟೆ ಬೈದ. ಧೊಂಡಿಬಾನ ಕೂರಿಗೆಯಿಂದ ಹಿಡಿದು ಅವನ ಅಜ್ಜನ ಕೂರಿಗೆಯವರೆಗೂ ಹೋಗಿ ಬಂದ. ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲು ಬೈಗುಳದ ನಡುವೆ ಅವನಿಗೆ ಪುರುಸೊತ್ತಿರಲಿಲ್ಲ. ಗೋರಖನಾಥ ಸಮಯ ನೋಡಿ ಹುಣಸೆ ಟೊಂಗೆಯ ಸುದ್ದಿ ಮುಟ್ಟಿಸಿದ. ಮುದುಕ ಎದ್ದು ನಿಂತ. ಅಪ್ಪ ಹಚ್ಚಿದ ಗಿಡಕ್ಕೆ ಅವನು ಕೊಡಲಿ ಹಾಕುತ್ತಾನಂತೆಯೇ, ನೋಡಿಯೇ ಬಿಡುತ್ತೇನೆ ಎಂದ.

ಗೋರಖನಾಥ ಆಗ ಬಾಯಿ ತೆರೆದ. ಆರು ವರ್ಷದ ಹಿಂದೆ ತಾನು ಮಾಡಿದ್ದನ್ನು ಹೇಳಬೇಕು ಎಂದು ಶುರು ಮಾಡಿದ. ಬದ್ರೋದ್ದೀನ ಕೈಯಾಡಿಸಿ ನಿಲ್ಲಿಸಿದ.

“ಆ ಹಳೇದು ಯಾರ ಹೊಲರಿ?”

“ಮನ್ನಳ್ಳಿ ಮಡೆಪ್ಪಂದು ಚಾಚಾ.”

“ಸಾಲು ಚಲೋ ಹಿಡದಾನ ಅಂತ ಹೇಳ್ರಿ ಅವಂಗ.”

ಮಾಫಿಯ ವಿಷಯ ಅಷ್ಟಕ್ಕೇ ಮುಗಿಯಿತು. ಬಾಗಿಲ ಹತ್ತಿರ ಹೋದವನು ತಿರುಗಿ ಬಂದು, ಫೋಟೋದ ಕೆಳಗೆ ಏನೂ ಬರೆದಿಲ್ಲವಲ್ಲ ಎಂದು ಕೇಳಿದ. ಏನು ಬರೆಯಬೇಕೆಂದು ತಿಳಿಯಲಿಲ್ಲ ಎಂದ ಗೋರಖನಾಥ. ಮುದುಕ ಚಪ್ಪಲಿ ಮೆಟ್ಟುತ್ತ ಸ್ವಲ್ಪ ವಿಚಾರ ಮಾಡಿದ.

“ಕಾಶ್ತಕಾರ ಬರ್ಲತ್ತಾನ ಅಂತ ಬರೀರಿ.”

ಗೋರಖನಾಥ ಉರ್ದುವಿನಲ್ಲಿ, ಆರು ವರ್ಷದ ಹಿಂದಿನಷ್ಟೇ ಚೆಂದದ ಅಕ್ಷರದಲ್ಲಿ ಬರೆದುಕೊಟ್ಟ. ಮುದುಕ ಫೋಟೋವನ್ನು ಅಂಗಿಯ ಒಳಗೆ ಎದೆಗೆ ಇಟ್ಟುಕೊಂಡು ಹೋದ. ಮಂಗಳವಾರ ಗೋರಖನಾಥ ಕೋಣೆಯ ಕಡೆ ಹೋದಾಗ ಮಹಮೂದಾ ಬೇಗಂ ಬಾಗಿಲಲ್ಲಿ ನಿಂತು, ಅವರು ಹೋಗಿ ಎರಡು ದಿನವಾಯಿತು ಎಂದರು. ಇನ್ನೂ ಸ್ವಲ್ಪ ದಿನ ನೋಡಿ ಹೋಗಿ ಎಂದು ಎಷ್ಟು ಹೇಳಿದರೂ ಮುದುಕ ಕೇಳಲಿಲ್ಲವಂತೆ. ಬೆಳೆ ಕೊಯ್ಲಿಗೆ ಬರುವುದರೊಳಗೆ ಹೋಗಬೇಕು, ಯಾರನ್ನೋ ಸರಿಯಾಗಿ ಬೈಯಬೇಕು ಎನ್ನುತ್ತಿದ್ದನಂತೆ. ಔರಾದಿನಿಂದ ಮುಂದೆ ಕೆಟ್ಟ ಸುದ್ದಿಯೂ ಬರಲಿಲ್ಲ, ಒಳ್ಳೆಯ ಸುದ್ದಿಯೂ ಬರಲಿಲ್ಲ. ಯುಗಾದಿಗೆ ಮಾತ್ರ ಯಾರೋ ಗಾಡಿಯವನು ಅಂಗಡಿಯ ಹೊಸ್ತಿಲ ಮೇಲೆ ಒಂದು ಗಂಟು ಹೊಸ ಹುಣಸೆ ಇಟ್ಟು ಹೋದ.

ಗೋರಖನಾಥ ಆಮೇಲೆ ಹತ್ತಾರು ವರ್ಷ ಬಾಳಿದ. ಪರದೆಯ ಹಂಸ ಪೂರಾ ಹರಿದುಹೋಯಿತು, ಹೈದರಾಬಾದು ರಾಜ್ಯವೂ ಹರಿದು ಮೂರು ಪಾಲಾಯಿತು. ಅವನು ಶುಕ್ರವಾರ ಮಾತ್ರ ಮಧ್ಯಾಹ್ನದ ನಿದ್ದೆ ಬಿಟ್ಟು, ಊಟ ಮುಗಿಸಿದ ಕೂಡಲೇ ಅಂಗಡಿಗೆ ಹೊರಡುತ್ತಿದ್ದ. ಒಂದು ಸಲ ದೀಪಾವಳಿಯ ಮುಂದೆ ಚಂದ್ರಭಾಗಾ ಅಂಗಡಿ ಸಾರಿಸಲು ಬಂದು, ಮೇಜಿನ ಎಡಕ್ಕೆ ಅಡ್ಡವಾಗಿ ಕುಳಿತಿದ್ದ ಅಂಟಿನ ಡಬ್ಬಿಯನ್ನು ಎತ್ತಿ ಗೂಡಿನಲ್ಲಿಡಲು ಹೋದಳು.

“ಅದನ್ನ ಸರಸಬ್ಯಾಡ,” ಎಂದ ಗೋರಖನಾಥ.

“ಯಾಕ್ರಿ? ಒಣಗಿ ಕಲ್ಲಾಗೇದ.”

“ಬಾವಿ ಅದ ಅಲ್ಲಿ.”

ಚಂದ್ರಭಾಗಾ ಗಂಡನ ಮುಖ ನೋಡಿದಳು. ಬಾಯಿಗೆ ಬಂದ ಮಾತೊಂದನ್ನು, ಮದುವೆಯಾದ ಮೇಲೆ ಬಹುಶಃ ಮೊದಲ ಸಲ, ನುಂಗಿದಳು. ಡಬ್ಬಿಯನ್ನು ಇದ್ದಲ್ಲೇ ಇಟ್ಟು, ಅದರ ಸುತ್ತಲೂ ಒದ್ದೆ ಅರಿವೆಯಿಂದ, ನೀರು ಬಾವಿಗೆ ಬೀಳದ ಹಾಗೆ, ನಿಧಾನವಾಗಿ ಒರೆಸಿದಳು.